ತೆಗೆಯುವುದಕ್ಕಾಗಿ ಮತ್ತೆ ತೆಗೆದುಕೊಂಡದ್ದು

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದಾಗ ನಾನು ರಾಯಚೂರಿನ ಧಾನ್ಯದ ಪೇಟೆಯಾದ ಗಂಜಿನ ಹಿಂದಿನ ಬೀದಿಯಲ್ಲಿದ್ದ ಒಂದು ಲಾರಿ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ಟೈಪಿಸ್ಟ್ ಅನ್ನುವುದು ಹೆಸರಿಗಷ್ಟೆ. ಪಾರ್ಸೆಲ್ ಬುಕ್ ಮಾಡುವವಳು, ಊರಿನ ಹೆಸರು ಬರೆದ ಚೀಟಿ ಅಂಟಿಸುವವಳು, ಫೋನು ಎತ್ತುವವಳು, ಸಾವ್ಕಾರರ ಕನ್ನಡಕ ಹುಡುಕಿಕೊಡುವವಳು, ಎಲ್ಲ ನಾನೇ. ನಮ್ಮ ಮನೆ ಮಾನ್ವಿಯಲ್ಲಿತ್ತು. ಬೆಳಿಗ್ಗೆ ಸರಕಾರಿ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದೆ. ಬಸ್ಸು ಹತ್ತಿದರೆ ಅರ್ಧ ದಾರಿಯವರೆಗೂ ಭತ್ತದ ಗದ್ದೆಯ ಗಾಳಿ, ಆಮೇಲೆ ರಾಯಚೂರಿನದೇ ಆದ ಕಾದ ಹಂಚಿನಂಥ ಗಾಳಿ.

ನಮ್ಮ ಸಾವ್ಕಾರರು ಕೆಟ್ಟ ಮನುಷ್ಯರಲ್ಲ. ಅವರ ಸಿಟ್ಟು ಮಾತ್ರ ಅವರ ಮಾತು ಕೇಳುತ್ತಿರಲಿಲ್ಲ. ಮನಸ್ಸು ತಣ್ಣಗಿದ್ದಾಗ ನನ್ನನ್ನು 'ತಂಗಿ' ಅನ್ನುತ್ತಿದ್ದರು. ಸಿಟ್ಟು ಬಂದರೆ ನಾನು ಕೂಡಲೇ 'ಮೇಡಮ್ಮಾರು' ಆಗುತ್ತಿದ್ದೆ. ನಾನು ಸೇರುವುದಕ್ಕೆ ಮುಂಚೆ ಒಮ್ಮೆ ಒಬ್ಬ ಡ್ರೈವರನನ್ನು ನಿಂತ ಕಾಲಲ್ಲಿ ಕೆಲಸದಿಂದ ತೆಗೆದಿದ್ದರಂತೆ. ಅವನು ಹಾಗೇ ಆಗಲೆಂದು ಹೊರಟೇಹೋದ. ಲಾರಿಯ ಕೀಲಿಕೈ ಅವನ ಜೇಬಿನಲ್ಲೇ ಉಳಿದಿತ್ತು. ಸಾವ್ಕಾರರು ಅರಕೇರಾಕ್ಕೆ ಬಸ್ಸಿನಲ್ಲಿ, ಅಲ್ಲಿಂದ ಅವನ ಮನೆಯ ತನಕ ಎತ್ತಿನ ಬಂಡಿಯಲ್ಲಿ ಕೂತು ಹೋಗಿ ಕೀಲಿಕೈಯನ್ನೂ ಅವನನ್ನೂ ಒಟ್ಟಿಗೆ ಕರೆತರಬೇಕಾಯಿತು.

ಅದಾದ ಮೇಲೆ ಅವರು ಹುಬ್ಬಳ್ಳಿಗೆ ಹೋದಾಗ ಒಂದು ದೊಡ್ಡ ಕಂಪನಿಯ ಆಫೀಸಿನಲ್ಲಿ ನೌಕರರ ನಿಯಮಗಳನ್ನು ಗಾಜಿನ ಚೌಕಟ್ಟಿನಲ್ಲಿ ತೂಗುಹಾಕಿದ್ದನ್ನು ನೋಡಿದರು. ಅದು ಅವರಿಗೆ ಬಹಳ ಹಿಡಿಸಿತು. ಊರಿಗೆ ಬಂದವರೇ ಪೇಂಟರನನ್ನು ಕರೆಸಿ, ನೀಲಿ ತಗಡಿನ ಮೇಲೆ ಹಳದಿ ಅಕ್ಷರಗಳಲ್ಲಿ ಬರೆಸಿದರು: "ಈ ಕಚೇರಿಯಲ್ಲಿ ಯಾರನ್ನೂ ಏಕಾಏಕಿ ಕೆಲಸದಿಂದ ತೆಗೆಯಲಾಗುವುದಿಲ್ಲ. ಮೊದಲು ಬಾಯಿಮಾತಿನ ಎಚ್ಚರಿಕೆ, ಬಳಿಕ ಲಿಖಿತ ನೋಟಿಸು, ಬಳಿಕ ಇಬ್ಬರು ಹಿರಿಯರ ಎದುರು ವಿಚಾರಣೆ. ಇವೆಲ್ಲ ಆದ ಮೇಲೆಯೇ ಕ್ರಮ." ಪೇಂಟರನಿಗೆ ಜಾಗದ ಅಂದಾಜು ಸಿಗದೆ 'ಕ್ರಮ' ಎಂಬುದು ಕೆಳಗಿನ ಮೂಲೆಯಲ್ಲಿ ಇರುವೆಯಷ್ಟು ಸಣ್ಣದಾಗಿ ಕೂತಿತ್ತು.

ಸಾವ್ಕಾರರಿಗೆ ಆ ಬೋರ್ಡು ಮೊಮ್ಮಗನಿದ್ದ ಹಾಗೆ. ಬಂದ ಗಿರಾಕಿಗಳಿಗೆ ಚಹಾ ತರಿಸಿ, ಅವರು ಕುಡಿಯುವ ತನಕ ತಾವೇ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ನನ್ನನ್ನು ಕೆಲಸಕ್ಕೆ ತೆಗೆದುಕೊಂಡ ದಿನವೂ ಅದರ ಎದುರು ನಿಲ್ಲಿಸಿ ಓದಿಸಿದ್ದರು. ನೇಮಕಾತಿ ಪತ್ರದಲ್ಲಿ 'ಕಚೇರಿಯ ನಿಯಮಗಳಿಗೆ ಒಳಪಟ್ಟು' ಎಂಬ ಮಾತನ್ನು ಸೇರಿಸಲು ಹೇಳಿದವರೂ ಅವರೇ. ಸಮಯಕ್ಕೆ ಸರಿಯಾಗಿ ಬರದ ಹುಡುಗಿಯರನ್ನು ಹಿಡಿತದಲ್ಲಿಡಲು ಅದು ಉಪಯೋಗಕ್ಕೆ ಬರುತ್ತದೆ ಅಂತ ಅವರ ಲೆಕ್ಕ.

ಹೀಗಿರುವಾಗ ಟ್ರಂಕುಗಳ ಪ್ರಸಂಗ ನಡೆಯಿತು.

ಸಾವ್ಕಾರರ ಹೆಂಡತಿಯ ಅಣ್ಣ ದೇವದುರ್ಗದಲ್ಲಿದ್ದರು. ಅವರ ಮಗನ ಮದುವೆ. ವರನ ಕೋಟು, ರುಮಾಲು, ಬೀಗರಿಗೆ ಕೊಡುವ ಸೀರೆಗಳು, ಎಲ್ಲ ರಾಯಚೂರಿನಲ್ಲಿ ಕೊಂಡು ಒಂದು ಹೊಸ ಕರೀ ಟ್ರಂಕಿನಲ್ಲಿ ತುಂಬಿ ನಮ್ಮ ಲಾರಿಗೆ ಹಾಕಿದ್ದರು. ಅದೇ ದಿನ ಮಾನ್ವಿಯಲ್ಲಿ ಬೀಡುಬಿಟ್ಟಿದ್ದ ಒಂದು ನಾಟಕ ಕಂಪನಿಯ ಮ್ಯಾನೇಜರು ಕೂಡ ಒಂದು ಟ್ರಂಕು ಬುಕ್ ಮಾಡಿದರು. ಅದರಲ್ಲಿ ಕಿರೀಟ, ಗಡ್ಡ, ಮೀಸೆ, ರಟ್ಟಿನ ಗದೆ ಇತ್ಯಾದಿ. ಎರಡೂ ಟ್ರಂಕು ಒಂದೇ ಅಂಗಡಿಯವು, ಅಕ್ಕ-ತಂಗಿಯರ ಹಾಗಿದ್ದವು. ನಾನು ಮೈದಾ ಅಂಟು ಕಲಸಿ, ಒಂದರ ಮೇಲೆ 'ದೇವದುರ್ಗ', ಇನ್ನೊಂದರ ಮೇಲೆ 'ಮಾನ್ವಿ' ಎಂದು ದೊಡ್ಡಕ್ಷರದ ಚೀಟಿ ಅಂಟಿಸಿ ಸಂಜೆಯ ಬಸ್ಸು ಹಿಡಿದೆ.

ಮರುದಿನ ಮಧ್ಯಾಹ್ನ ದೇವದುರ್ಗದಿಂದ ಫೋನು ಬಂತು. ಸಾವ್ಕಾರರೇ ಎತ್ತಿದರು. ಕೇಳುತ್ತ ಕೇಳುತ್ತ ಅವರ ಮುಖ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿತು. ಬೀಗರೆಲ್ಲ ಸುತ್ತ ಕೂತಾಗ ಕೀಲಿಕೈ ಹತ್ತದೆ ಟ್ರಂಕಿನ ಬೀಗ ಒಡೆದು ಮುಚ್ಚಳ ತೆಗೆದಿದ್ದಾರೆ. ಮೇಲೆಯೇ ಒಂದು ಮೊಳ ಉದ್ದದ ಬಿಳೀ ಗಡ್ಡ. ಅದರ ಕೆಳಗೆ ಕಿರೀಟ. ಅದರ ಕೆಳಗೆ ಗದೆ. ಹೆಣ್ಣಿನ ಕಡೆಯ ಮುದುಕಿಯೊಬ್ಬಳು ಗದೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ವರ ಏನ್ ಉದ್ಯೋಗ ಮಾಡ್ತಾನಂತ ಹೇಳಿದ್ರಿ?" ಅಂತ ಕೇಳಿದಳಂತೆ.

ಸಾವ್ಕಾರರು ಫೋನು ಕುಕ್ಕಿದರು. ಸರಿಯಾಗಿ ಬೋರ್ಡಿನ ಕೆಳಗೇ ನಿಂತುಕೊಂಡು ಕೂಗಿದರು.

"ಮೇಡಮ್ಮಾರ! ನಾಳಿಯಿಂದ ಕೆಲಸಕ್ಕ ಬರಬ್ಯಾಡ್ರಿ! ನಾಳಿಯಿಂದ ಯಾಕ, ಈಗಿಂದಽ ಬರಬ್ಯಾಡ್ರಿ!"

"ನಾ ಈಗ ಇಲ್ಲೇ ಅದೀನಲ್ರೀ," ಅಂದೆ. ಗಾಬರಿಯಲ್ಲಿ ಬಾಯಿಂದ ಬಂದ ಮಾತು ಅದು.

"ಹಂಗಾದ್ರ ಹೋಗ್ರಿ!"

ನಾನು ಚೀಟಿಗಳನ್ನು ಸರಿಯಾಗಿಯೇ ಅಂಟಿಸಿದ್ದೆ ಎಂದು ಹೇಳಲು ಹೋದೆ. ಅವರು ಕೇಳಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅಳುತ್ತ ಮಾನ್ವಿಗೆ ಹೋದೆ.

ನಮ್ಮಪ್ಪ ಮಾನ್ವಿಯ ಕೋರ್ಟಿನಲ್ಲಿ ಸಮನ್ಸು, ನೋಟಿಸು ಜಾರಿ ಮಾಡುವ ಕೆಲಸದಲ್ಲಿದ್ದ. ಅವನನ್ನು ಕಂಡರೆ ಜನ ಹೊಟ್ಟಿನ ಬಣವೆ ಹೊಗುತ್ತಿದ್ದರು, ಮರ ಹತ್ತುತ್ತಿದ್ದರು, 'ನಾ ಅವನಲ್ಲ, ಅವನ ತಮ್ಮ' ಎಂದು ಸುಳ್ಳು ಹೇಳುತ್ತಿದ್ದರು. ಸುತ್ತಲಿನ ಹಳ್ಳಿಗಳ ನಾಯಿಗಳೆಲ್ಲ ಅವನನ್ನು ಒಂದೊಂದು ಸಲ ಕಚ್ಚಿದ್ದವು. ಆದರೂ ಈ ಲೋಕ ನಡೆಯುವುದು ನೋಟಿಸು ಸರಿಯಾಗಿ ಜಾರಿಯಾಗುವುದರಿಂದಲೇ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ನಾನು ಅಳುತ್ತ ಎಲ್ಲ ಹೇಳಿದೆ. ಅವನು ಟ್ರಂಕಿನ ವಿಷಯ ಕೇಳಲೇ ಇಲ್ಲ.

"ನೋಟಿಸ್ ಎಲ್ಲೈತಿ?" ಅಂದ.

"ನೋಟಿಸ್ ಕೊಟ್ಟಿಲ್ಲಪ್ಪಾ."

"ಮತ್ತ ಹೆಂಗ ತೆಗದ್ರು?"

"ಒದರಿದ್ರು."

"ಯವ್ವಾ, ಒದರೋದು ಜಾರಿ ಅಲ್ಲ," ಅಂದ. ಅವನ ಮುಖದಲ್ಲಿ ಸಂಕಟವಿರಲಿಲ್ಲ, ಹುರುಪಿತ್ತು. "ಬೋರ್ಡಿನಾಗ ಏನ್ ಬರದದ, ಒಂದ್ಸಲ ಹೇಳು." ಹೇಳಿದೆ. ನೇಮಕಾತಿ ಪತ್ರ ತರಿಸಿಕೊಂಡು ಓದಿದ. 'ಒಳಪಟ್ಟು' ಎಂಬ ಮಾತು ಬಂದಲ್ಲಿ ಬೆರಳಿಟ್ಟುಕೊಂಡು, ಯಾರೋ ಮಿಠಾಯಿ ಕೊಟ್ಟವರ ಹಾಗೆ ನಕ್ಕ. ಮರುದಿನ ರಜೆ ಹಾಕಿ ನನ್ನನ್ನು ರಾಯಚೂರಿನ ಲೇಬರ್ ಆಫೀಸಿಗೆ ಕರೆದುಕೊಂಡು ಹೋದ.

ಲೇಬರ್ ಆಫೀಸರು ಮೈಸೂರಿನ ಕಡೆಯವರು. ತೆಳ್ಳಗಿನ ಮನುಷ್ಯ. ಮೇಜಿನ ಫ್ಯಾನು ತಿರುಗಿದಾಗಲೆಲ್ಲ ಎರಡೂ ಮೊಣಕೈಗಳಿಂದ ಕಾಗದಗಳನ್ನು ಅದುಮಿಕೊಂಡೇ ಮಾತಾಡುತ್ತಿದ್ದರು. ನಮ್ಮ ಮಾತು ಕೇಳಿ, ಪತ್ರ ಓದಿ, ಸಾವ್ಕಾರರಿಗೆ ಹೇಳಿಕಳಿಸಿದರು. ಅವರು ಬಂದರು. ನಮ್ಮಪ್ಪನ ಕಡೆಯಾಗಲಿ ನನ್ನ ಕಡೆಯಾಗಲಿ ನೋಡದೆ ಕೂತರು.

"ಆಫೀಸು ನಂದು. ಬೋರ್ಡು ನಂದು," ಅಂದರು ಸಾವ್ಕಾರರು. "ನಾನಽ ಬರಿಸೀನಿ. ನಾನಽ ಬರಿಸಿದ್ದನ್ನ ನಾ ಮುರದ್ರ ಯಾರಿಗೇನು?"

"ನೀವು ಬರೆಸಿದ್ರಿ. ಅದನ್ನ ಓದಿಸಿ ಇವರನ್ನ ಸೇರಿಸಿಕೊಂಡ್ರಿ. ಪತ್ರದಲ್ಲೂ ನಿಯಮಗಳಿಗೆ ಒಳಪಟ್ಟು ಅಂತ ಹಾಕಿದ್ದೀರಿ."

"ಅದು ಆಕಿ ಒಳಪಡಲಿ ಅಂತ ಹಾಕಿದ್ದು!"

"ಅದರಲ್ಲಿ ಯಾರು ಅಂತ ಬರೆದಿಲ್ವಲ್ಲ. ಇಬ್ಬರೂ ಒಳಪಟ್ಟ ಹಾಗಾಯ್ತು."

ಸಾವ್ಕಾರರು ಪತ್ರವನ್ನು ತಮ್ಮ ಕಡೆ ಎಳೆದುಕೊಂಡು ಎರಡು ಸಲ ಓದಿದರು. ನಮ್ಮಪ್ಪ ಮಧ್ಯೆ ಬಾಯಿ ಹಾಕಿದ: "ಹಂಗಾದ್ರ ಇದು ಅನ್ಯಾಯದ ವಜಾ ಹೌದೋ ಅಲ್ಲೋ, ಸಾಹೇಬ್ರ?"

ಆಫೀಸರು ಫ್ಯಾನಿನ ಗಾಳಿ ಹಾದುಹೋಗುವ ತನಕ ಕಾಗದ ಅದುಮಿ ಹಿಡಿದರು. "ಅದನ್ನ ಹೇಳೋಕೆ ನಾನು ಜಡ್ಜಲ್ಲ," ಅಂದರು. "ಇವರದು ಸಣ್ಣ ಆಫೀಸು. ಮಾಲೀಕ ತಾನೇ ಮಾಡಿದ ನಿಯಮ ಮುರಿದ್ರೆ ಅಷ್ಟಕ್ಕೇ ಅದು ಅನ್ಯಾಯ ಅಂತ ಎಲ್ಲ ಸಲನೂ ಹೇಳೋಕಾಗಲ್ಲ. ಬರೀ ಗೋಡೆ ಮೇಲೆ ಇದ್ದಿದ್ರೆ ಅಲಂಕಾರಕ್ಕೆ ಅಂತ ಇವರ ವಕೀಲರು ಹೇಳಬಹುದಿತ್ತು. ಪತ್ರದಲ್ಲೂ ಇರೋದ್ರಿಂದ ಅದು ಕೊಟ್ಟ ಮಾತು ಅಂತ ನಿಮ್ಮ ವಕೀಲರು ಹೇಳ್ತಾರೆ. ಈ ಹುಡುಗಿ ಟ್ರಂಕು ತಪ್ಪಿಸಿದ್ದು ನಿಜ ಅಂತಲೇ ಇಟ್ಕೊಳ್ಳಿ. ಆಗಲೂ ಕೋರ್ಟು ಮೊದಲು ಕೇಳೋದು, ಇವರನ್ನ ಒಂದು ಮಾತು ಕೇಳಿದ್ರಾ ಅಂತ." ಆಮೇಲೆ ಸಾವ್ಕಾರರ ಕಡೆ ತಿರುಗಿ ಮೆತ್ತಗೆ ಅಂದರು: "ನೀವು ತೆಗೀಲೇಬೇಡಿ ಅಂತ ನಾನು ಹೇಳ್ತಿಲ್ಲ. ತೆಗೆಯೋದಾದ್ರೆ ನಿಮ್ಮ ಬೋರ್ಡಿನ ಪ್ರಕಾರ ತೆಗೀರಿ."

ಸಾವ್ಕಾರರು ಎದ್ದು ನಿಂತರು. "ಹಂಗಾದ್ರ ವಾಪಸ್ ತಗೋತೀನಿ. ತಗೊಂಡು ತೆಗೀತೀನಿ!"

"ಇದು ಕಾಯ್ದೆಶೀರ್ ಮಾತು," ಅಂತ ನಮ್ಮಪ್ಪ ಅವರಿಗೆ ಕೈಮುಗಿದ.

ಹೀಗೆ ನನ್ನನ್ನು ತೆಗೆಯುವುದಕ್ಕಾಗಿ ಮತ್ತೆ ಕೆಲಸಕ್ಕೆ ತೆಗೆದುಕೊಂಡರು.

ಮೊದಲು ಬಾಯಿಮಾತಿನ ಎಚ್ಚರಿಕೆ ಕೊಡಬೇಕಿತ್ತು. ತೊಂದರೆ ಏನೆಂದರೆ ಅಷ್ಟರಲ್ಲಿ ಅವರ ಸಿಟ್ಟು ಇಳಿದಿತ್ತು. ನನ್ನ ಎದುರು ಬಂದು ನಿಲ್ಲುವರು, ಗಂಟಲು ಸರಿಮಾಡಿಕೊಳ್ಳುವರು, ಆಮೇಲೆ ಹೋಗಿ ಹಮಾಲರನ್ನು ಬೈದು ಬರುವರು. ಕೊನೆಗೆ, "ಮೊನ್ನಿ ಒದರಿದ್ನಲ್ಲ, ಅದನ್ನಽ ಎಚ್ಚರಿಕಿ ಅಂತ ಇಟ್ಕೊಂಡ್ರ ಆಗೂದಿಲ್ಲೇನು?" ಅಂದರು.

"ಅದು ತೆಗದದ್ರಿ. ಎಚ್ಚರಿಕಿ ಅಲ್ಲ."

"ಆತು. ಹಂಗಾದ್ರ ಕೇಳ್ರಿ. ಎಚ್ಚರಿಕಿ!" ಅಂದರು. ಅಷ್ಟೇ. ಆ ಒಂದು ಶಬ್ದ ಹೇಳಿ ಹೊರಗೆ ಹೋಗಿ ಎಲೆ ಅಡಿಕೆ ಹಾಕಿಕೊಂಡರು.

ನೋಟಿಸು ಇನ್ನೂ ಕಷ್ಟವಾಯಿತು. ಆಫೀಸಿನಲ್ಲಿ ಟೈಪ್ ಬರುತ್ತಿದ್ದದ್ದು ನನಗೊಬ್ಬಳಿಗೇ. ಅವರು ಕೈ ಹಿಂದೆ ಕಟ್ಟಿಕೊಂಡು ಅತ್ತಿಂದಿತ್ತ ನಡೆಯುತ್ತ ಹೇಳಿದರು, ನಾನು ಟೈಪ್ ಮಾಡಿದೆ.

"ನಿಮ್ಮ ನಿರ್ಲಕ್ಷ್ಯದಿಂದ... ತಡಿ, ಬರೀ ನಿರ್ಲಕ್ಷ್ಯ ಅಂದ್ರ ಸಪ್ಪಗಾತು. ಇನ್ನೂ ಖಾರದ್ದು ಏನರ ಅದ ಏನು?"

"ಘೋರ ನಿರ್ಲಕ್ಷ್ಯ ಅನಬಹುದ್ರಿ. ಆದ್ರ ಮಶೀನಿನಾಗ ಘ ಅಕ್ಷರ ಮುರದದ."

"ಮತ್ತ?"

"ತೀವ್ರ ಅಂತ ಹಾಕ್ಲ್ಯಾ?"

"ತೀವ್ರ ಅಂದ್ರ ಸಾಲ್ತದೇನು?"

"ಸಾಲ್ತದ್ರಿ. ಹೊಡಿಯಾಕತ್ತಾಗನಽ ನನಗ ಅಂಜಿಕಿ ಬರಾಕತ್ತದ."

ಅವರಿಗೆ ಸಮಾಧಾನವಾಯಿತು. ಸಹಿ ಹಾಕಿದರು. ನಾನು ಹೊರಹೋಗುವ ಪತ್ರಗಳಿಗೆ ಹಾಕುವ ಜಾವಕ ನಂಬರು ಹಾಕಿ, ಎದ್ದು ಮೇಜಿನ ಆಚೆ ಕಡೆ ಹೋಗಿ ನಿಂತು, ಅವರ ಕೈಯಿಂದ ಅದನ್ನು ತೆಗೆದುಕೊಂಡೆ. "ಓದಿ ತಿಳಕೋರಿ," ಅಂದರು. ನಾನು ಓದಿದೆ. ಒಂದು ಕಡೆ ಒತ್ತು ತಪ್ಪಿತ್ತು. ಅವರ ಅಪ್ಪಣೆ ಕೇಳಿಕೊಂಡು, ಈಚೆ ಬಂದು ತಿದ್ದಿ, ಮತ್ತೆ ಆಚೆ ಹೋಗಿ ತೆಗೆದುಕೊಂಡೆ.

ಮರುದಿನ ನನ್ನ ಉತ್ತರವನ್ನೂ ಅದೇ ಮಶೀನಿನಲ್ಲಿ ಟೈಪ್ ಮಾಡಿ ಕೊಟ್ಟೆ. ಚೀಟಿಗಳನ್ನು ಸರಿಯಾದ ಟ್ರಂಕುಗಳಿಗೇ ಅಂಟಿಸಿದ್ದೇನೆ, ನಾನು ಹೋದ ಮೇಲೆ ಏನಾಯಿತೋ ತಿಳಿಯದು, ದಯವಿಟ್ಟು ವಿಚಾರಿಸಬೇಕು ಎಂದು ಬರೆದಿದ್ದೆ. ಸಾವ್ಕಾರರು ಕನ್ನಡಕ ಏರಿಸಿ ಓದಿ, "ಭಾಳ ಛಲೋ ಬರದೀ ತಂಗಿ. ನನ್ನ ನೋಟಿಸ್‌ಗಿಂತ ಛಲೋ ಅದ," ಅಂದರು. ಮರುಕ್ಷಣ ತಾವು ಯಾವ ಕಡೆಯವರೆಂಬುದು ನೆನಪಾಗಿ, "ಮೇಡಮ್ಮಾರ, ನೀವು ಹೋಗ್ರಿ," ಅಂದರು.

ಇನ್ನು ಇಬ್ಬರು ಹಿರಿಯರ ಎದುರು ವಿಚಾರಣೆ. ಸಾವ್ಕಾರರು ಜಾಣತನ ಮಾಡಿದರು. ದೇವದುರ್ಗದಿಂದ ತಮ್ಮ ಹೆಂಡತಿಯ ಅಣ್ಣನನ್ನೂ, ಮಾನ್ವಿಯಿಂದ ನಾಟಕದ ಮ್ಯಾನೇಜರನ್ನೂ ಕರೆಸಿದರು. ಇಬ್ಬರೂ ಟ್ರಂಕಿನಿಂದ ನೊಂದವರು. ಇಬ್ಬರೂ ನನ್ನನ್ನು ಹುರಿದು ತಿನ್ನುತ್ತಾರೆ ಅಂತ ಅವರ ನಂಬಿಕೆ. ಪಕ್ಕದ ಹೋಟೆಲಿನಿಂದ ಬೆಂಚು ತಂದು ಗೋದಾಮಿನಲ್ಲಿ ಹಾಕಿದರು. ನಮ್ಮಪ್ಪ ಕರೆಯದೆ ಇದ್ದರೂ ಬಂದ. ಕೋರ್ಟಿನ ಕೋಟು ಹಾಕಿಕೊಂಡು, ಹಿತ್ತಾಳೆಯ ಬಿಲ್ಲೆಯನ್ನು ಹುಣಸೆಹಣ್ಣಿನಿಂದ ತಿಕ್ಕಿಕೊಂಡು ಬಂದಿದ್ದ. ಬಾಗಿಲಲ್ಲಿ ನಿಂತು, "ಟೈಪಿಸ್ಟ್ ಬಾಯಿಯವರು ಹಾಜರಿದ್ದಾರಾ?" ಎಂದು ಗಂಜಿಗೆಲ್ಲ ಕೇಳುವ ಹಾಗೆ ಕೂಗಿದ. ನಾನು ಅವನ ಪಕ್ಕದಲ್ಲೇ ನಿಂತಿದ್ದೆ.

ಮೊದಲು ಮ್ಯಾನೇಜರು ಮಾತಾಡಿದರು. ಅವರು ಮಾತಾಡಿದರೆ ಹಿಂದಿನ ಸಾಲಿನವರಿಗೂ ಕೇಳಿಸುತ್ತಿತ್ತು. "ಏನ್ ಹೇಳ್ಲಿ! ಮಹಾರಾಜಗ ಕಿರೀಟ ಇಲ್ಲ, ಋಷಿಗೆ ಗಡ್ಡ ಇಲ್ಲ. ಟಿಕೇಟು ಮಾರಿ ಆಗೇದ. ಮಹಾರಾಜಗ ಅದಽ ಟ್ರಂಕಿನಾಗಿನ ಉಣ್ಣಿ ಕೋಟು ಹಾಕಿ, ಜರಿ ರುಮಾಲ ಸುತ್ತಿ ಕಳಿಸಿದೆ. ಜನ ಕಲ್ಲು ಒಗೀತಾರಂತ ಮಾಡಿದ್ದೆ. ಒನ್ಸ್ ಮೋರ್ ಅಂದ್ರು! ರಾಣಿ ಪಾರ್ಟಿನಾಕಿ ರೇಷ್ಮಿ ಸೀರಿ ಉಟ್ಟಾಕಿ, ಮರುದಿನ ಬಿಚ್ಚಂದ್ರ ಬಿಚ್ಚಲೊಲ್ಲಳು."

"ಅದು ನಮ್ಮ ಬೀಗರ ಸೀರಿ!" ಅಂತ ದೇವದುರ್ಗದವರು ಎದ್ದರು. "ಅದಕ್ಕಽ ಟ್ರಂಕು ವಾಪಸ್ ಬಂದಾಗ ಸೆರಗಿಗೆ ಬಣ್ಣ ಹತ್ತಿತ್ತೇನು?"

"ನಮ್ಮ ಗಡ್ಡ ನಿಮ್ಮ ಮನ್ಯಾಗ ಯಾರ್ ಹಚ್ಕೊಂಡಿದ್ರಿ? ಎಣ್ಣಿ ಹತ್ಯಾದ!"

ಹಚ್ಚಿಕೊಂಡದ್ದು ವರನ ಅಜ್ಜ ಎಂದು ತಿಳಿಯಿತು. ಮುನಿಸಿಕೊಂಡು ಕೂತಿದ್ದ ಬೀಗರನ್ನು ನಗಿಸಲು ಮುದುಕ ಗಡ್ಡ ಕಟ್ಟಿಕೊಂಡು, ಗದೆ ಹಿಡಿದು ಅಂಗಳದಲ್ಲಿ ಕುಣಿದನಂತೆ. ವರನಿಗೆ ಪಕ್ಕದ ಮನೆಯವರ ಕೋಟು ತೊಡಿಸಿ ಮದುವೆ ಮುಗಿಸಿದ್ದರು. ಇಷ್ಟು ಹೇಳುವಷ್ಟರಲ್ಲಿ ದೇವದುರ್ಗದವರಿಗೇ ನಗು ಬಂದಿತ್ತು. ಸಾವ್ಕಾರರು ಬೆಂಚು ಬಡಿದು, "ನಾವು ಕೂತದ್ದು ಯಾಕ? ಚೀಟಿ ತಪ್ಪು ಹಚ್ಚಿದವರು ಯಾರು, ಅದನ್ನ ಕೇಳ್ರಿ," ಅಂದರು.

"ಲಾರಿಗೆ ಏರಿಸಿದವರು ಯಾರು?" ಅಂತ ಮ್ಯಾನೇಜರು ಕೇಳಿದರು.

ಏರಿಸಿದವನು ಹಮಾಲರ ಮೇಸ್ತ್ರಿ. ನಾವೆಲ್ಲ ಅವನನ್ನು ಚಾಚಾ ಅನ್ನುತ್ತಿದ್ದೆವು. ಹೆಗಲ ಮೇಲಿನ ಟವೆಲು ತೆಗೆದು ಕೈಯಲ್ಲಿ ಹಿಡಿದು ಬಂದು ನಿಂತ.

"ಚೀಟಿ ಸರಿ ಇದ್ದವೇನು ಚಾಚಾ?" ಅಂತ ಮ್ಯಾನೇಜರೇ ಕೇಳಿದರು.

"ಇದ್ದವ್ರಿ. ಬೇಟಿ ಬರೋಬ್ಬರಿ ಹಚ್ಚಿದ್ಲು. ಆಕಿ ಹೋದಮ್ಯಾಲ ಬಕ್ರಿ ಬಂತು."

"ಏನ್ ಬಂತು?"

"ಬಕ್ರಿರೀ. ಆಡು. ಹೋಟೆಲ್‌ದವರದು. ಮೈದಾ ಅಂಟು ಅದಕ್ಕ ಭಾಳ ಪಸಂದ. ಎರಡೂ ಚೀಟಿ ತಿಂದು ಹೋತು."

ಸಾವ್ಕಾರರೇ ಕೇಳಿದರು: "ಚೀಟಿ ಇಲ್ಲದ ಟ್ರಂಕು ಯಾವ್ದು ಎಲ್ಲಿಗಂತ ನಿನಗ ಯಾರ್ ಹೇಳಿದ್ರು?"

"ನೀವಽರೀ."

"ನಾನಾ?"

"ಹೌದ್ರಿ. ನೀವು ಫೋನ್ ಕಿವಿಗೆ ಹಿಡಕೊಂಡು ಕುಂತಿದ್ರಿ. ನಾ ಒಂದು ಟ್ರಂಕ್ ಹೊತ್ಕೊಂಡು ಬಂದು, ಸಾವ್ಕಾರ್ರ, ಟ್ರಂಕ್ ಎಲ್ಲಿಗ್ರಿ ಅಂತ ಕೇಳಿದೆ. ದೇವದುರ್ಗಕ್ಕ ಅಂದ್ರಿ. ನಾ ಹಾಕಿದೆ. ಉಳಿದದ್ದು ಮಾನ್ವಿಗೆ ಹಾಕಿದೆ."

ಸಾವ್ಕಾರರ ಬಾಯಿ ತೆರೆದೇ ಇತ್ತು. "ಅದು... ಅದು ಟ್ರಂಕ್ ಕಾಲ್ ಲೇ! ದೇವದುರ್ಗಕ್ಕ ಟ್ರಂಕ್ ಕಾಲ್ ಹಚ್ಚಿದ್ದೆ! ನೀ ಅದನ್ನ ಕೇಳಾಕತ್ತೀ ಅಂತ ತಿಳಕೊಂಡೆ!"

"ನನ್ನ ತಲಿಮ್ಯಾಲ ಟ್ರಂಕ್ ಇತ್ತಲ್ರಿ," ಅಂದ ಚಾಚಾ, ಬಹಳ ಗೌರವದಿಂದ.

ಮೊದಲು ನಕ್ಕವರು ದೇವದುರ್ಗದವರು. ಮ್ಯಾನೇಜರು ನಗುತ್ತ ಬೆಂಚಿನಿಂದ ಜಾರಿದರು. ನನಗೆ ನಗುವುದೋ ಅಳುವುದೋ ತಿಳಿಯದೆ ಎರಡನ್ನೂ ಮಾಡಿದೆ. ಕೋರ್ಟಿನ ಕೋಟಿನಲ್ಲಿದ್ದ ನಮ್ಮಪ್ಪ ಮಾತ್ರ ನಗಲಿಲ್ಲ. ಸಾವ್ಕಾರರು ಚಾಚಾನ ಮೇಲೆ ಹರಿಹಾಯ್ದರು: "ಇದನ್ನ ಅವತ್ತಽ ಯಾಕ ಹೇಳಲಿಲ್ಲ?"

"ಅವತ್ತು ನೀವು ಯಾರನ್ನೂ ಕೇಳಲೇ ಇಲ್ಲಲ್ರೀ. ಕೇಳದ ಹೇಳಿದ್ರ ನನ್ನೂ ತೆಗೀತಿದ್ರಿ."

ಹಿರಿಯರಿಬ್ಬರೂ ಪಕ್ಕಕ್ಕೆ ಹೋಗಿ ಗುಸುಗುಸು ಮಾಡಿ ಬಂದರು. ಮ್ಯಾನೇಜರು ಎದೆಯುಬ್ಬಿಸಿ, ನಾಟಕದ ಕೊನೆಯ ದೃಶ್ಯದ ದನಿಯಲ್ಲಿ ನಾನು ನಿರ್ದೋಷಿ ಎಂದು ಸಾರಿದರು. ದೇವದುರ್ಗದವರು ಅದಕ್ಕೆ ಒಂದು ಮಾತು ಸೇರಿಸಿದರು: "ನಮ್ಮ ಭಾವನೋರಿಗೆ ಒಂದು ಬಾಯಿಮಾತಿನ ಎಚ್ಚರಿಕಿ ಇರಲಿ."

ಸಾವ್ಕಾರರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ, "ತಂಗಿ, ಎಲ್ಲಾರಿಗೂ ಚಹಾ ಹೇಳು," ಅಂದರು. ಅವರು ಕ್ಷಮೆ ಕೇಳಿದ್ದು ಅಷ್ಟರಲ್ಲೇ. ನನಗೂ ಅಷ್ಟು ಸಾಕಾಗಿತ್ತು. ಚಹಾ ತಂದವನು ಹೋಟೆಲಿನ ಮಾಲೀಕನೇ. ಅವನ ಆಡಿನ ವಿಚಾರಣೆ ಮಾತ್ರ ಬೀದಿಯಲ್ಲಿ ಬಹಳ ಹೊತ್ತು ನಡೆಯಿತು.

ಆ ಆಫೀಸಿನಲ್ಲಿ ನಾನು ಮುಂದೆ ಕೆಲವು ವರ್ಷ ಇದ್ದೆ. ಎಂಬತ್ತರ ದಶಕದಲ್ಲಿ ಮಾನ್ವಿಯಲ್ಲೇ ಒಂದು ಸೊಸೈಟಿಯಲ್ಲಿ ಕೆಲಸ ಸಿಕ್ಕ ಮೇಲೆ ಬಿಟ್ಟೆ. ಹಮಾಲರು ಆ ವಿಚಾರಣೆಯ ರುಚಿ ಕಂಡುಬಿಟ್ಟಿದ್ದರು. ಸಾವ್ಕಾರರು ಯಾರನ್ನಾದರೂ ಬೈಯಲು ಬಾಯಿ ತೆರೆದರೆ, "ಇದು ಎಚ್ಚರಿಕಿ ಏನ್ರೀ, ಬರೇ ಬೈಗಳೇನ್ರೀ?" ಎಂದು ಮೊದಲೇ ಖಚಿತ ಮಾಡಿಕೊಳ್ಳುತ್ತಿದ್ದರು. ಅದಕ್ಕೆ ಉತ್ತರ ಯೋಚಿಸುವಷ್ಟರಲ್ಲಿ ಅವರ ಸಿಟ್ಟು ಹೋಗಿರುತ್ತಿತ್ತು.

ನಮ್ಮಪ್ಪನಿಗೆ ಮಾತ್ರ ಸಮಾಧಾನವಾಗಲಿಲ್ಲ. ವಿಚಾರಣೆಯಾದ ಕೆಲವು ದಿನಗಳ ಮೇಲೆ ಅವನು ಯಾವುದೋ ಕೆಲಸಕ್ಕೆ ರಾಯಚೂರಿಗೆ ಬಂದಿದ್ದ. ಸಂಜೆ ಇಬ್ಬರೂ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಲೇಬರ್ ಆಫೀಸರು ಕಂಡರು. ಕೈಯಲ್ಲಿ ತರಕಾರಿ ಚೀಲ. ಅಪ್ಪ ಹೋಗಿ ನಮಸ್ಕಾರ ಮಾಡಿ, ನಡೆದದ್ದನ್ನೆಲ್ಲ ಹೇಳಿದ. ಅವರು ಸಂತೋಷಪಟ್ಟರು.

"ಒಳ್ಳೇದಾಯ್ತಲ್ಲ. ಕೆಲಸ ಉಳೀತು."

"ಕೆಲಸ ಉಳೀತ್ರಿ. ಆದ್ರ ಒಂದು ಛಲೋ ಕೇಸು ಹಾಳಾತು," ಅಂದ ಅಪ್ಪ, ನಿಜವಾದ ದುಃಖದಿಂದ. "ಅದು ಅನ್ಯಾಯದ ವಜಾ ಹೌದೋ ಅಲ್ಲೋ ಅನ್ನೋದು ಈಗ ಯಾರಿಗೂ ಗೊತ್ತಾಗಂಗಿಲ್ಲ."

"ಕೋರ್ಟಿಗೆ ಹೋಗಿದ್ರೆ ಬಹುಶಃ ನಿಮ್ಮ ಕಡೆ ಆಗ್ತಿತ್ತು," ಅಂದರು ಆಫೀಸರು. ಆಮೇಲೆ ಸ್ವಲ್ಪ ಯೋಚಿಸಿ, "ಆಗದೆಯೂ ಇರಬಹುದಿತ್ತು," ಅಂದರು.

"ಆಗದೆ ಹೆಂಗ ಇರ್ತದ್ರಿ? ಪತ್ರದಾಗ ಒಳಪಟ್ಟು ಅಂತ ಅದ!"

"ಅದು ಇದೆ. ಆದ್ರೆ ಎದುರಿನ ವಕೀಲರು..."

ಆಫೀಸರು ಚೀಲ ಕೆಳಗಿಟ್ಟರು. ಅಪ್ಪ ಎದುರಿನ ವಕೀಲನಾದ, ಅವರು ಜಡ್ಜಾದರು, ಮತ್ತೆ ಅದಲು ಬದಲಾದರು. ಮಾನ್ವಿ ಬಸ್ಸು ಬಂದು ನಿಂತಿತು. ಕಂಡಕ್ಟರು ಸೀಟಿ ಊದಿದ. ನಾನು ಅಪ್ಪನ ತೋಳು ಹಿಡಿದು ಎಳೆದೆ. "ತಡಿ ಯವ್ವಾ, ಸಾಹೇಬ್ರ ವಾದ ಮುಗೀಲಿ," ಅಂದ. ಬಸ್ಸು ಹೊರಟುಹೋಯಿತು. ನಾನು ತರಕಾರಿ ಚೀಲದ ಪಕ್ಕದಲ್ಲಿ ಕಲ್ಲುಬೆಂಚಿನ ಮೇಲೆ ಕೂತು, ಅವರಿಬ್ಬರ ಮಾತು ಕೇಳುತ್ತ ಮುಂದಿನ ಬಸ್ಸಿಗೆ ಕಾದೆ.